ಮೆಟ್ಟಿಲಿಗೆ ದನಿ ಕೊಟ್ಟ ಸೂರಾಚಾರಿ

ಕಥೆ ಹೇಳಿ ನನಗೆ ರೂಢಿಯಿಲ್ಲ. ಎಲ್ಲಿ ಬಿಡಿಸಿ ಹೇಳಬೇಕು, ಎಲ್ಲಿ ಬೇಡ ಎಂದು ತಿಳಿಯದೆ ಎಲ್ಲವನ್ನೂ ಬಿಡಿಸಿಬಿಡುತ್ತೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಹಳ ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟುವ ಮೊದಲು, ಹೊಳೆ ಕಡಲು ಸೇರುವ ಕಡೆ ಒಂದು ಊರಿತ್ತಂತೆ. ಆ ಊರಲ್ಲಿ ಸೂರಾಚಾರಿ ಎಂಬ ಬಡಗಿ ಇದ್ದನಂತೆ. ಹೊಸ ಮೆಟ್ಟಿಲು ಮಾಡುವವರು ಬೇಕಾದಷ್ಟು ಜನ ಇದ್ದರು. ಇವನ ಕೆಲಸ, ಇದ್ದ ಮೆಟ್ಟಿಲನ್ನು ನೋಡಿಕೊಳ್ಳುವುದು. ಉಪ್ಪರಿಗೆಗೆ ಹತ್ತುವ ಮರದ ಮೆಟ್ಟಿಲಿಗೂ ಹಸುವಿನ ಹಾಗೆ ಆರೈಕೆ ಬೇಕು ನೋಡಿ. ನೀರು ಸುರಿದು ತೊಳೆಯಬಾರದು, ಒಣಬಟ್ಟೆಯಲ್ಲಿ ಒರೆಸಬೇಕು. ಎಣ್ಣೆಯನ್ನು ಹಲಗೆಯ ಅಡಿಗೆ ಹಚ್ಚಬೇಕು. ಮೇಲೆ ಹಚ್ಚಿದರೆ ಕಾಲು ಜಾರುತ್ತದೆ. ಗೆದ್ದಲು ಬಂದಿದೆಯೋ ಎಂದು ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಇದನ್ನೆಲ್ಲ ಜನರಿಗೆ ಕಲಿಸಿದವನೇ ಅವನಂತೆ.

ಅವನು ಮುಟ್ಟಿದ ಮೆಟ್ಟಿಲು ಆಮೇಲೆ ಸದ್ದು ಮಾಡುತ್ತಿರಲಿಲ್ಲವಂತೆ. ಹಲಗೆ ಕಿರುಗುಟ್ಟುವುದು ಯಾಕೆಂದರೆ, ಒಣಗಿ ಸಡಿಲವಾಗಿ ಪಕ್ಕದ ಮರಕ್ಕೆ ಉಜ್ಜುವುದರಿಂದ. ಅವನು ಸಂದಿಗೆ ಜೇನುಮೇಣ ತುಂಬಿ, ಬೆಣೆ ಹೊಡೆದರೆ ಮುಗಿಯಿತು. ಆನೆ ಹತ್ತಿದರೂ ಇಲಿಗೆ ಎಚ್ಚರವಾಗದು ಎನ್ನುತ್ತಾರೆ. ಆನೆ ಉಪ್ಪರಿಗೆಗೆ ಯಾಕೆ ಹತ್ತುತ್ತದೆ ಎಂದು ಕೇಳಬೇಡಿ. ಹಾಗೆನ್ನುತ್ತಾರೆ, ಅಷ್ಟೆ.

ಅದೇ ಊರಲ್ಲಿ ದುಗ್ಗಮ್ಮ ಎಂಬ ಮುದುಕಿ ಇದ್ದಳಂತೆ. ಅವಳಿಗೆ ಕಣ್ಣು ಕಾಣದು. ಅವಳು ಕೆಳಗೆ, ದೋಣಿ ನಡೆಸುವ ಮಗ ಶೇಷು, ಸೊಸೆ, ಮೊಮ್ಮಕ್ಕಳು ಉಪ್ಪರಿಗೆಯಲ್ಲಿ. ಒಂದು ದಿನ ಶೇಷು ಸೂರಾಚಾರಿಯನ್ನು ಕರೆಸಿದ. "ಹತ್ತಿದರೆ ಊರಿಗೇ ಕೇಳುತ್ತದೆ ಮಾರಾಯ, ಇದರ ಬಾಯಿ ಮುಚ್ಚಿಸು" ಎಂದ. ಸೂರಾಚಾರಿ ಮುಚ್ಚಿಸಿದ.

ಕೆಲವು ದಿನ ಕಳೆದು, ಹೊಗಳಿಕೆ ಕೇಳುವ ಆಸೆಯಿಂದ ಅವನು ಅತ್ತ ಹೋದನಂತೆ. ದುಗ್ಗಮ್ಮ ಮೆಟ್ಟಿಲ ಬುಡದಲ್ಲಿ ಕುಳಿತು, ಕೆಳಗಿನ ಹಲಗೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು.

"ಮೆಟ್ಟಿಲು ಹೇಗಿದೆ ಅಮ್ಮಾ?" ಎಂದು ಕೇಳಿದ.

"ಸತ್ತುಹೋಗಿದೆ. ಕೊಂದವನೇ ಬಂದು ಕ್ಷೇಮ ಕೇಳ್ತೀಯಲ್ಲ ಆಚಾರಿ!"

ಸೂರಾಚಾರಿ ನಗಲು ಹೋದ. ನಗು ಬರಲಿಲ್ಲ. ಅವಳು ಹೇಳಿದ್ದು ಇಷ್ಟು: ಮೊದಲು ಸದ್ದಿನಲ್ಲೇ ಇಳಿಯುವವರು ಯಾರೆಂದು ತಿಳಿಯುತ್ತಿತ್ತು. ಮಗುವಾದರೆ ಹಸಿವಾಯಿತಾ ಎನ್ನುತ್ತಿದ್ದಳು, ಸೊಸೆಯಾದರೆ ನೀರು ಕಾದಿದೆ ಎನ್ನುತ್ತಿದ್ದಳು. ಅವರು ನಿಂತು ಎರಡು ಮಾತಾಡಿ ಹೋಗುತ್ತಿದ್ದರು. ಈಗ ಬರುವುದೂ ತಿಳಿಯದು, ಹೋಗುವುದೂ ತಿಳಿಯದು. ಯಾರಿಗೂ ಅವಳ ಮೇಲೆ ಮುನಿಸಿರಲಿಲ್ಲ. ಅವಳು ಕರೆಯದಿದ್ದ ಮೇಲೆ ನಿಲ್ಲುವುದು ಅವರಿಗೆ ನೆನಪಾಗುತ್ತಿರಲಿಲ್ಲ, ಅಷ್ಟೆ. ತುಂಬಿದ ಮನೆಯಲ್ಲಿ ಮುದುಕಿ ಒಂಟಿಯಾಗಿದ್ದಳು.

ಸೂರಾಚಾರಿ ಓಡಿಹೋಗಿ ಉಳಿ, ಸುತ್ತಿಗೆ ತಂದನಂತೆ. ಕೂಡಲೇ ಬೆಣೆ ಕಿತ್ತ, ಮೇಣ ಕೆರೆದ. ಆದರೆ ಸದ್ದು ಅಡಗಿಸುವುದು ಗೊತ್ತಿದ್ದವನಿಗೆ ಸದ್ದು ಎಬ್ಬಿಸುವುದು ಗೊತ್ತಿರಲಿಲ್ಲ. ಒಂದು ಹಲಗೆ ಕಿರುಚಿಕೊಂಡಿತು.

"ಇದು ಯಾರ ಮನೆ ಬೆಕ್ಕು?" ಎಂದಳು ದುಗ್ಗಮ್ಮ.

ಇನ್ನೊಂದು ಗೊರಗೊರ ಎಂದಿತು.

"ಇದು ನಮ್ಮತ್ತೆಯ ಗೊರಕೆ. ಹೋದವಳು ಹೋದಳು, ಮತ್ತೆ ಕರೆಸಬೇಡ. ತೆಗೆ!"

ಅವಳು ಬಾಯಲ್ಲೇ ಹಳೆಯ ಸದ್ದು ಮಾಡಿ ತೋರಿಸುವುದು, ಅವನು ಬೆಣೆಯನ್ನು ಕೂದಲೆಳೆಯಷ್ಟು ಸಡಿಲಿಸುವುದು. ಮಳೆಗಾಲವಿಡೀ ಹೀಗೇ ನಡೆಯಿತು ಎನ್ನುವವರಿದ್ದಾರೆ. ಮಳೆಗಾಲದಲ್ಲಿ ಮರ ಊದಿಕೊಳ್ಳುತ್ತದೆ, ಸದ್ದು ಬರುವುದಿಲ್ಲ. ಹಾಗಾಗಿ ಬೇಸಗೆಯೇ ಇರಬೇಕು ಎಂದು ನನಗನ್ನಿಸುತ್ತದೆ.

ಕಡೆಗೊಂದು ಬೆಳಗ್ಗೆ ಶೇಷು ಇಳಿದು ಬಂದ. ಸೂರಾಚಾರಿ ಮೆಟ್ಟಿಲ ಅಡಿಯಲ್ಲಿ ಉಸಿರು ಬಿಗಿಹಿಡಿದು ಕುಳಿತಿದ್ದ. ದುಗ್ಗಮ್ಮ ತಲೆಯೆತ್ತಿದಳು.

"ಶೇಷು, ಎಡಗಾಲಿಗೆ ಏನಾಯ್ತೋ?"

ಶೇಷು ನಿಂತಲ್ಲೇ ನಿಂತ. ದೋಣಿ ದಡಕ್ಕೆ ಎಳೆಯುವಾಗ ಮಂಡಿ ಉಳುಕಿತ್ತು. ತಾನು ಮಲಗಿದರೆ ದೋಣಿಯೂ ಮಲಗುತ್ತದೆ ಎಂಬ ಹೆದರಿಕೆಯಿಂದ ಹೆಂಡತಿಗೂ ಹೇಳಿರಲಿಲ್ಲ.

"ಏನಿಲ್ಲಮ್ಮ."

"ಏನಿಲ್ಲದ ಕಾಲು ಹೀಗೆ ಇಳಿಯೋದಿಲ್ಲ. ಬಾ ಇಲ್ಲಿ."

ಅಷ್ಟು ದೊಡ್ಡ ಗಂಡಸು ಕೆಳಗಿನ ಮೆಟ್ಟಿಲ ಮೇಲೆ ಕುಳಿತು ತಾಯಿಯ ಮಡಿಲಿಗೆ ಕಾಲು ಚಾಚಿದನಂತೆ. ಹಿಂದೆಯೇ ಇಳಿದ ಮಕ್ಕಳಿಗೆ ದಾರಿಯಿಲ್ಲದೆ ಅವರೂ ಅಲ್ಲೇ ಕುಳಿತರಂತೆ. ಸೂರಾಚಾರಿ ಮಾತ್ರ ಮೆಟ್ಟಿಲ ಅಡಿಯಿಂದ ಬಹಳ ಹೊತ್ತು ಹೊರಗೆ ಬರಲಿಲ್ಲವಂತೆ.

ಆ ಹೊಳೆಯ ಕಡೆ ಈಗಲೂ, ಮರದ ಮೆಟ್ಟಿಲ ಕೆಲಸ ಮುಗಿದ ದಿನ, ಮನೆಯ ಹಿರಿಯರನ್ನು ಬುಡದಲ್ಲಿ ಕಣ್ಣು ಮುಚ್ಚಿ ಕೂರಿಸುತ್ತಾರೆ. ಮನೆಯವರು ಒಬ್ಬೊಬ್ಬರಾಗಿ ಇಳಿಯುತ್ತಾರೆ. ಹಿರಿಯರು ಎಲ್ಲರನ್ನೂ ಹೆಸರು ಹಿಡಿದು ಕರೆದ ಮೇಲೆಯೇ ಬಡಗಿಗೆ ವೀಳ್ಯ. ಯಾರ ಹೆಸರಾದರೂ ತಪ್ಪಿದರೆ, ಸೂರಾಚಾರಿಯನ್ನು ನೆನೆದು ಒಂದು ಬೆಣೆ ಸಡಿಲಿಸುತ್ತಾರೆ. ಪೂರ್ತಿ ಕೀಳಬಾರದು, ಕಿತ್ತರೆ ಹಲಗೆಯೇ ಕಳಚುತ್ತದೆ. ಎಷ್ಟು ಸಡಿಲಿಸಬೇಕು ಎಂದರೆ, ಹೆಬ್ಬೆರಳ ಉಗುರು ಸಂದಿಯೊಳಗೆ ಹೋಗಬೇಕು, ಆದರೆ ಉಗುರಿನ ಬುಡ ಮಾತ್ರ... ತಾಳಿ, ಒಳಗಿಂದ ಅಮ್ಮ ಕರೆಯುತ್ತಿದ್ದಾಳೆ. ಬಂದೆ ಅಮ್ಮಾ, ಬಂದೆ!