ನೇಕಾರನ ಕಿಟಕಿಯ ಬಳ್ಳಿ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನಾನು ಮಕ್ಕಳಿಗೆ ಹೇಳಿಕೊಟ್ಟ ಪಾಠವನ್ನು ಊರಿನವರು ಹೊಗಳಿದರು. ನನ್ನದೇನೂ ಇಲ್ಲ ಎಂದು ಕೈಮುಗಿದೆ. ಆದರೂ ಒಳಗೊಂದು ಹೆಮ್ಮೆ ತಲೆಯೆತ್ತಿತು. ಅದನ್ನು ಅಡಗಿಸುವುದು ಹೇಗೆ?"

ಗುರುಗಳು ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಮಗ್ಗದ ಪಕ್ಕದ ಕಿಟಕಿಯಲ್ಲಿ ಒಂದು ಕುಂಡ, ಕುಂಡದಲ್ಲಿ ಕರಾವಳಿಯ ಕಾಡಿನ ಬಳ್ಳಿ. ಅದರ ಎಲೆ ದಪ್ಪ. ಹೂವು ಮೇಣದಲ್ಲಿ ಮಾಡಿಟ್ಟಂತೆ, ಗೊಂಚಲು ಗೊಂಚಲು. ಮಳೆಯ ನಾಡಿನ ಆ ಬಳ್ಳಿ ಒಣಗಾಳಿಯ ಆ ಊರಿನಲ್ಲಿ ಬೇರೆ ಯಾರ ಮನೆಯಲ್ಲೂ ಬದುಕಿರಲಿಲ್ಲ. ನೇಕಾರನಿಗೂ ಅದು ಸುಲಭಕ್ಕೆ ಒಲಿಯಲಿಲ್ಲ. ಮೊದಲು ತಂದದ್ದು ಬಿಸಿಲಿಗೆ ಸುಟ್ಟುಹೋಯಿತು. ಆಮೇಲೆ ತಂದದ್ದು ನೀರು ಹೆಚ್ಚಾಗಿ ಕೊಳೆಯಿತು. ಅವನು ಬಿಡಲಿಲ್ಲ. ವರ್ಷಗಟ್ಟಲೆ ನೋಡಿ ನೋಡಿ ಅದರ ಮರ್ಜಿ ತಿಳಿದುಕೊಂಡ. ಹೂ ಬಿಟ್ಟಾಗ ಊರೇ ನೋಡಲು ಬಂದಿತು. ಹೇಗೆ ಬೆಳೆಸಿದೆ ಎಂದು ಕೇಳಿದವರಿಗೆಲ್ಲ ಅವನು, ತಾನೇನೂ ಮಾಡಿಲ್ಲ, ಎಲ್ಲ ದೇವರ ಕೃಪೆ ಎನ್ನುತ್ತಿದ್ದ. ಎಂಥ ವಿನಯ ಎಂದು ಜನ ಅವನನ್ನು ಕೊಂಡಾಡಿದರು.

ಅದೇ ಬೀದಿಯ ಬಳೆಗಾರನೊಬ್ಬ ಕರಾವಳಿಯಿಂದ ಹೆಣ್ಣು ತಂದಿದ್ದ. ಆಕೆಗೆ ಆ ಊರಿನ ನೀರು ಒಗ್ಗಿರಲಿಲ್ಲ, ಮಾತೂ ಒಗ್ಗಿರಲಿಲ್ಲ. ಒಂದು ಸಂಜೆ ಬೀದಿಯಲ್ಲಿ ಹೋಗುವಾಗ ಆ ಹೂವಿನ ಪರಿಮಳ ಬಂದು ನಿಂತುಬಿಟ್ಟಳು. ಅದು ಅವಳ ತವರಿನ ಬಾವಿಕಟ್ಟೆಯ ಮರಕ್ಕೆ ಹಬ್ಬಿದ್ದ ಬಳ್ಳಿ. ಅಲ್ಲಿ ಅದಕ್ಕೆ ಯಾರೂ ಆರೈಕೆ ಮಾಡಿದ್ದಿಲ್ಲ. ನೇಕಾರ ಸಂತೋಷದಿಂದ ಒಂದು ಕುಡಿ ಕತ್ತರಿಸಿ ಕೊಟ್ಟ. ಹೇಗೆ ಸಾಕಬೇಕೆಂದು ಕೇಳಿದಾಗ, ಎಲ್ಲರಿಗೂ ಹೇಳಿದ್ದನ್ನೇ ಹೇಳಿದ.

ಆಕೆ ಅದನ್ನು ದೊಡ್ಡ ಕುಂಡದಲ್ಲಿ ನೆಟ್ಟು ಅಂಗಳದ ಬಿಸಿಲಿನಲ್ಲಿಟ್ಟಳು. ತುಳಸಿಗೆ ಎರೆಯುವಂತೆ ದಿನವೂ ನೀರೆರೆದಳು. ಎಲೆ ಹಳದಿಯಾಯಿತು, ಕಾಂಡ ಮೆತ್ತಗಾಯಿತು, ಬಳ್ಳಿ ಸತ್ತುಹೋಯಿತು. ಆಕೆ ಬಾಗಿಲಿಗೆ ಬರುವುದನ್ನೂ ಬಿಟ್ಟಳು. ತನ್ನನ್ನು ತವರಿಗೆ ಕಳಿಸಿಬಿಡಿ ಎಂದು ಗಂಡನನ್ನು ಬೇಡತೊಡಗಿದಳು.

ಸುದ್ದಿ ತಿಳಿದು ನೇಕಾರ ಇನ್ನೊಂದು ಕುಡಿ ಹಿಡಿದು ಬಂದ. ಆಕೆ ಕೈಚಾಚಲಿಲ್ಲ.

"ಬೇಡ ಅಣ್ಣ. ದೇವರು ನಿಮಗೆ ಕೃಪೆ ಮಾಡಿದ, ನನಗೆ ಮಾಡಲಿಲ್ಲ. ಈ ನೆಲ ನನ್ನನ್ನು ಒಪ್ಪುವುದಿಲ್ಲ."

ತನ್ನ ಮಾತು ಎಲ್ಲಿ ಹೋಗಿ ಬಿದ್ದಿದೆ ಎಂದು ನೇಕಾರನಿಗೆ ಆಗ ತಿಳಿಯಿತು. ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದ:

"ತಂಗೀ, ಅದನ್ನು ಬೆಳೆಸಿದವನು ನಾನು. ಎರಡು ಬಳ್ಳಿ ನನ್ನ ಕೈಯಲ್ಲೇ ಸತ್ತವು. ಆಮೇಲೆ ಕಲಿತೆ. ಈ ಸೀಮೆಯಲ್ಲಿ ಇದನ್ನು ಬಲ್ಲವನು ನಾನೊಬ್ಬನೇ. ಕುಳಿತುಕೊ, ಹೇಳಿಕೊಡುತ್ತೇನೆ."

ಅಕ್ಕಪಕ್ಕದವರು ಇದನ್ನು ಕೇಳಿ ಮೂಗು ಮುರಿದರು. ನೇಕಾರನಿಗೆ ಜಂಬ ಬಂತು ಎಂದರು. ಅವನು ಲೆಕ್ಕಿಸಲಿಲ್ಲ. ಬೇರಿಗೆ ಇಕ್ಕಟ್ಟಾಗುವಷ್ಟು ಚಿಕ್ಕ ಕುಂಡ ಸಾಕು ಎಂದ. ಬೆಳಕು ಬೀಳುವ ಕಿಟಕಿ ಬೇಕು, ನಡುಹಗಲಿನ ಬಿಸಿಲು ಬೇಡ. ಬೆರಳು ಊರಿ ನೋಡಿ, ಮಣ್ಣು ಒಣಗಿದ ಮೇಲೆಯೇ ನೀರು. ಮೊಗ್ಗು ಕಂಡ ಮೇಲೆ ಕುಂಡ ಕದಲಿಸಬಾರದು. ಕುಡಿಯಲ್ಲಿದ್ದ ಬೋಳು ತೊಟ್ಟೊಂದನ್ನು ಅವಳ ಬೆರಳಿಗೆ ಮುಟ್ಟಿಸಿ, ಹೂ ಉದುರಿತೆಂದು ಇದನ್ನು ಎಂದಿಗೂ ಚಿವುಟಬೇಡ, ಮುಂದಿನ ಹೂ ಬರುವುದು ಇಲ್ಲಿಂದಲೇ ಎಂದ.

ಬಳ್ಳಿ ಬದುಕಿತು. ಹೂ ಬಿಡಲು ಕೆಲವು ವರ್ಷ ಹಿಡಿಯಿತು. ಅಷ್ಟರಲ್ಲಿ ಆಕೆ ತವರಿಗೆ ಹೋಗುವ ಮಾತನ್ನು ಮರೆತಿದ್ದಳು. ಮೊದಲ ಗೊಂಚಲು ಅರಳಿದ ಸಂಜೆ ಬೀದಿಯ ಹೆಂಗಸರನ್ನೆಲ್ಲ ಕರೆದು ಕುಂಕುಮ ಕೊಟ್ಟಳು. ಯಾರೋ ದೇವರ ಕೃಪೆ ಎಂದರು. ಕೃಪೆ ಇದ್ದೇ ಇದೆ, ನೀರೆರೆದವಳು ನಾನು ಎಂದು ಆಕೆ ನಕ್ಕಳು. ಕೇಳಿದವರಿಗೆ ಕುಡಿಯನ್ನೂ ಕೊಟ್ಟಳು, ಸಾಕುವ ಬಗೆಯನ್ನೂ ಹೇಳಿಕೊಟ್ಟಳು. ಈಗ ಆ ಬೀದಿಯಲ್ಲಿ ಬಳ್ಳಿಯಿಲ್ಲದ ಕಿಟಕಿ ಇಲ್ಲ. ಪರವೂರಿನವರು ಬಂದರೆ ನೇಕಾರ ಮಗ್ಗ ಬಿಟ್ಟು ಎದ್ದುಬಂದು, ಇವೆಲ್ಲ ತನ್ನ ಬಳ್ಳಿಯ ಮಕ್ಕಳು ಎಂದು ಎದೆಯುಬ್ಬಿಸಿ ತೋರಿಸುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಹಾಗಾದರೆ ವಿನಯವಂತನಾಗಿದ್ದ ನೇಕಾರ ಕೊನೆಗೆ ಕೆಟ್ಟನೇ ಎಂದು ಶಿಷ್ಯ ಕೇಳಿದ.

"ಊರು ಅವನನ್ನು ವಿನಯವಂತ ಎಂದು ಕೊಂಡಾಡಿದ ಕಾಲದಲ್ಲಿ ಅವನು ಕಲಿತದ್ದನ್ನು ಹಂಚದ ಜಿಪುಣನಾಗಿದ್ದ" ಎಂದರು ಗುರುಗಳು.