ಅಪ್ಪನಿಗೆ ತಂದ ದುಬಾರಿ ಇಯರ್‌ಫೋನ್

ಹಾಸಿಗೆ ಹಿಡಿದಿದ್ದ ಪಿಟೀಲು ಮೇಷ್ಟರಿಗೆ ಉಳಿದಿದ್ದ ಸುಖ ಒಂದೇ, ಅಂಗೈಯಗಲದ ಪ್ಲೇಯರಿನಲ್ಲಿ ಸಂಗೀತ ಕೇಳುವುದು. ಹಳೆಯ ಇಯರ್‌ಫೋನ್ ಕೆಟ್ಟಾಗ ಮಗ ಚಿದಾನಂದಯ್ಯ ಅಂಗಡಿಯಲ್ಲಿದ್ದ ಅತಿ ದುಬಾರಿಯದನ್ನೇ ತಂದ.

"ಏನೂ ಕೇಳಿಸ್ತಿಲ್ಲ ಕಣೋ" ಎಂದರು ಮೇಷ್ಟರು.

"ದೊಡ್ಡ ವಿದ್ವಾಂಸರು ಹಾಕ್ಕೊಳ್ಳೋದು ಇದನ್ನೇ. ನಿಮ್ಮ ಕಿವಿ ಹೋಗಿದೆ, ಅಷ್ಟೇ. ನಾಳೆ ಪ್ಲೇಯರ್ ಮಾರಿಬಿಡ್ತೀನಿ."

ಮೇಷ್ಟರು ಕಣ್ಣು ಮುಚ್ಚಿಕೊಂಡರು.

ಆರೈಕೆಗಿದ್ದ ತಾಯಮ್ಮ ಡಬ್ಬಿಯ ಮೇಲಿನ ಬರಹವನ್ನು ಕೂಡಿಸಿ ಓದಿದ್ದಳು. ಇಂಥ ಪುಟ್ಟ ಪ್ಲೇಯರಿನಲ್ಲಿ ಅದು ಕೇಳಿಸಬೇಕಾದರೆ ಜೊತೆಗೆ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ ಒಂದು ಬೇಕಿತ್ತು. ಹೇಳಿದರೆ ಕೇಳುವ ಜಾತಿಯಲ್ಲ ಮಗ. ಸಂಜೆ ಅವಳು ಪ್ಲೇಯರಿನ ರೆಕಾರ್ಡ್ ಗುಂಡಿ ಒತ್ತಿ ಮೇಷ್ಟರ ಬಾಯಿಯ ಬಳಿ ಹಿಡಿದಳು.

ಬೆಳಿಗ್ಗೆ ಹೇಳಿದಳು: "ಸ್ವಾಮಿ, ಅಪ್ಪಾವ್ರು ನಿಮ್ಮ ವಿಷಯ ಇದರಲ್ಲಿ ಏನೋ ಮಾತಾಡಿ ಇಟ್ಟವ್ರೆ."

ಚಿದಾನಂದಯ್ಯ ಗಡಿಬಿಡಿಯಿಂದ ತಾನು ತಂದ ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡ. ಸದ್ದನ್ನು ತುದಿಯವರೆಗೂ ಏರಿಸಿದ. ಗೋಡೆಯಾಚೆ ಯಾರೋ ಪಿಸುಗುಟ್ಟಿದಂತಿತ್ತು.

"ಥೂ, ದರಿದ್ರದ್ದು! ಒಂದಕ್ಷರ ಕೇಳಿಸಲ್ಲ!"

"ಅಯ್ಯೋ, ನಿಮ್ಮ ಕಿವೀನೂ ಹೋಯ್ತಾ ಸ್ವಾಮಿ?" ಎಂದು ತಾಯಮ್ಮ ಸಂತೆಯಲ್ಲಿ ಕೊಂಡಿದ್ದ ತನ್ನ ಇಯರ್‌ಫೋನ್ ಕೊಟ್ಟಳು.

ಈಗ ಅಪ್ಪನ ದನಿ ಉಸಿರಿನ ಸಮೇತ ಕೇಳಿಸಿತು.

"ಚಿದಾ, ಒಂದ್ಸಲ ನೀನೇ ಹಾಕ್ಕೊಂಡು ನೋಡಬಾರದಿತ್ತೇನೋ?"

ಚಿದಾನಂದಯ್ಯ ತಾಯಮ್ಮನ ಇಯರ್‌ಫೋನನ್ನು ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಅಪ್ಪನ ಕಿವಿಗೆ ತಾನೇ ಇಟ್ಟ.