ಕೆಂಡಗುಡ್ಡಕ್ಕೆ ಬಂದ ಸಿಂಗಾರಯ್ಯ

ಮಕ್ಕಳೇ, ಎರಡು ದೊಡ್ಡ ಕಾಡುಗಳು ಕೂಡುವ ಕಡೆ ಒಂದು ಬೋಳು ಗುಡ್ಡವಿತ್ತು. ಪಡುವಣ ಕಾಡಿಗೆ ಸಿಂಹ ರಾಜ, ಮೂಡಣ ಕಾಡಿಗೆ ಹುಲಿ ರಾಜ. ಎರಡರ ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ನಾಲ್ಕು ದಿನ ನೀರು, ಉಳಿದ ದಿನ ಬರೀ ಮರಳು. ಆ ಹಳ್ಳವೇ ಗಡಿ. ಹಳ್ಳದ ಈಚೆ ದಡದಲ್ಲಿ, ಸಿಂಹರಾಜನ ಸೀಮೆಯ ಕಟ್ಟಕಡೆಗೆ ನಿಂತಿದ್ದ ಆ ಗುಡ್ಡದ ಹೆಸರು ಕೆಂಡಗುಡ್ಡ.

ಹೆಸರು ಸುಮ್ಮನೆ ಬಂದದ್ದಲ್ಲ. ಚಳಿಗಾಲ ಕಳೆದರೆ ಸಾಕು, ಅಲ್ಲಿಯ ಬಂಡೆಗಳು ಕಾದ ಹೆಂಚಿನಂತೆ ಸುಡುತ್ತಿದ್ದವು. ಒಂದಿಷ್ಟು ಜಾಲಿ, ಎಲಚಿ ಎಂದೂ ಕರೆಯುವ ಬಾರೆ, ಒಂದಿಷ್ಟು ಸೀತಾಫಲದ ಗಿಡ, ಅಲ್ಲೊಂದು ಇಲ್ಲೊಂದು ಬೇವು. ಅಷ್ಟೇ ಹಸಿರು. ಆದರೂ ಮುಳ್ಳುಹಂದಿ, ಉಡ, ಮೊಲ, ಗೌಜುಗ ಹಕ್ಕಿ, ಮುಂಗುಸಿ ಎಲ್ಲ ತಲೆತಲಾಂತರದಿಂದ ಅಲ್ಲೇ ಸಂಸಾರ ಹೂಡಿದ್ದವು.

ಒಂದು ಬೇಸಿಗೆಯಲ್ಲಿ ಹುಲಿರಾಜ ಸಿಂಹರಾಜನಿಗೆ ಹೇಳಿ ಕಳಿಸಿದ: "ಗಡಿ ಕಾಯಲು ನನಗೆ ಎತ್ತರದ ಜಾಗ ಬೇಕು, ನಿನ್ನ ಕೆಂಡಗುಡ್ಡ ಕೊಡು. ಬದಲಿಗೆ ನನ್ನ ಬಿದಿರುಮೆಳೆಯನ್ನೂ ಅದರೊಳಗಿನ ತಾವರೆಕೊಳವನ್ನೂ ನಿನಗೆ ಕೊಡುತ್ತೇನೆ. ಒಂದೇ ಮಾತು, ಗುಡ್ಡ ಖಾಲಿ ಇರಬೇಕು. ಅಲ್ಲಿರುವವರನ್ನು ನೀನೇ ಎಬ್ಬಿಸು."

ಸಿಂಹರಾಜ ಯೋಚನೆಗೆ ಬಿದ್ದ. ಕೆಂಡಗುಡ್ಡವನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಆಸ್ಥಾನದಲ್ಲಿದ್ದ ಮುಸುವನನ್ನು ಕರೆದ.

ಈ ಮುಸುವನ ಹೆಸರು ಸಿಂಗಾರಯ್ಯ. ಕರಿ ಮೋರೆಯ ಕೋತಿ, ಮಾರುದ್ದ ಬಾಲ. ದಿನಕ್ಕೆ ಮೂರು ಸಲ ಆ ಬಾಲವನ್ನು ಬಾಚಿಕೊಳ್ಳದಿದ್ದರೆ ಅವನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಮಾತಿನಲ್ಲಿ ಜಾಣ. ಒಂದೇ ಒಂದು ದೋಷ ಅವನದು: ಯಾವುದನ್ನೇ ಆಗಲಿ, ನೋಡುವ ಮೊದಲೇ ತೀರ್ಮಾನ ಮಾಡಿಬಿಡುತ್ತಿದ್ದ.

"ಸಿಂಗಾರಯ್ಯ, ಆ ಗುಡ್ಡದಲ್ಲಿ ಎಂಟು ದಿನ ಇದ್ದು ಬಾ. ಅಲ್ಲಿ ಒಳ್ಳೆಯದು ಏನಿದೆ, ಕೆಟ್ಟದ್ದು ಏನಿದೆ, ಎರಡನ್ನೂ ನೋಡಿ ಹೇಳು. ನಿನ್ನ ಮಾತಿನ ಮೇಲೆ ಹುಲಿರಾಜನಿಗೆ ಉತ್ತರ ಕೊಡುತ್ತೇನೆ," ಎಂದ ಸಿಂಹರಾಜ.

"ಅಪ್ಪಣೆ ಪ್ರಭು," ಎಂದು ಸಿಂಗಾರಯ್ಯ ಹೊರಟ. ದಾರಿಯಲ್ಲೇ ಅವನ ತೀರ್ಮಾನ ಮುಗಿದಿತ್ತು. 'ತಾವರೆಕೊಳ ಎಲ್ಲಿ, ಕಾದ ಬಂಡೆ ಎಲ್ಲಿ! ಇದಕ್ಕೆ ಎಂಟು ದಿನ ಬೇರೆ ಬೇಕೆ?'

ಅವನು ಕೆಂಡಗುಡ್ಡ ಮುಟ್ಟಿದ್ದು ನಡುಹಗಲಿಗೆ. ಎಲ್ಲೂ ಒಂದು ಜೀವ ಕಾಣಲಿಲ್ಲ. ಅಂಗಾಲು ಚುರ್ರೆನ್ನುತ್ತಿತ್ತು. ಒಂದು ಬಂಡೆಯಿಂದ ಇನ್ನೊಂದಕ್ಕೆ ಕುಣಿಯುತ್ತಾ, "ಯಾರಿದ್ದೀರಿ ಇಲ್ಲಿ? ರಾಜದೂತ ಬಂದಿದ್ದಾನೆ!" ಎಂದು ಕೂಗಿದ.

ಒಂದು ಗವಿಯ ಬಾಯಲ್ಲಿ ಮುಳ್ಳುಗಳ ಸದ್ದಾಯಿತು. ವಯಸ್ಸಾದ ಮುಳ್ಳುಹಂದಿ ತಾಯಮ್ಮ ಮುಖ ಹೊರಹಾಕಿದಳು.

"ಈ ಹೊತ್ತಿನಲ್ಲಿ ಬಂದೆಯೇನಪ್ಪಾ! ಮೊದಲು ಒಳಗೆ ಬಾ. ಮಾತು ಆಮೇಲೆ," ಎಂದಳು.

ಗವಿಯೊಳಗೆ ತಂಪಾಗಿತ್ತು. ಅರ್ಧ ಗುಡ್ಡವೇ ಅಲ್ಲಿ ಕಾಲು ಚಾಚಿ ಮಲಗಿತ್ತು. ಉಡ ದುರುಗಣ್ಣ ಒಂದು ಕಣ್ಣು ತೆರೆದು ನೋಡಿ, ಪಕ್ಕಕ್ಕೆ ಸರಿದು ಜಾಗ ಕೊಟ್ಟ.

"ಹಗಲಲ್ಲೇ ನಿದ್ದೆಯೇ? ಸೋಮಾರಿಗಳು!" ಎಂದ ಸಿಂಗಾರಯ್ಯ.

ಯಾರೂ ಕೋಪಿಸಿಕೊಳ್ಳಲಿಲ್ಲ. ದುರುಗಣ್ಣ ನಿಧಾನವಾಗಿ ಹೇಳಿದ: "ಸ್ವಾಮಿ, ನಾವು ಕೋಳಿ ಕೂಗುವ ಮೊದಲೇ ಎದ್ದು ದುಡಿದು ಬಂದಿದ್ದೇವೆ. ಸಂಜೆ ಮತ್ತೆ ಹೋಗುತ್ತೇವೆ. ನಡುವಿನ ಹೊತ್ತು ಸೂರ್ಯನದು. ಅವನ ಪಾಲಿಗೆ ನಾವು ಕೈ ಹಾಕುವುದಿಲ್ಲ."

ಸಂಜೆ ಸಿಂಗಾರಯ್ಯನನ್ನು ಹಳ್ಳಕ್ಕೆ ಕರೆದುಕೊಂಡು ಹೋದರು. ಮೊಲಗಳು ಮರಳು ತೋಡಿದವು. ಮೊಣಕಾಲುದ್ದ ಗುಂಡಿ ಆದ ಮೇಲೆ ಬುಡದಲ್ಲಿ ನೀರು ಜಿನುಗತೊಡಗಿತು. ಅದನ್ನು ಅವರು ಒರತೆ ಎನ್ನುತ್ತಿದ್ದರು. ಬೊಗಸೆಯಷ್ಟು ನೀರು ಕೂಡಲು ಬಹಳ ಹೊತ್ತು ಹಿಡಿಯಿತು. ಸಾಲಿನಲ್ಲಿ ಎಲ್ಲರೂ ಕಾಯುತ್ತಿದ್ದರು. ಸಿಂಗಾರಯ್ಯ ಎಲ್ಲರಿಗಿಂತ ಮೊದಲು ಬಾಯಿ ಹಾಕಿ ಕುಡಿದುಬಿಟ್ಟ. ಯಾರೂ ತಡೆಯಲಿಲ್ಲ. ಅವನು ಅದನ್ನು ತನ್ನ ಪದವಿಯ ಮರ್ಯಾದೆ ಎಂದುಕೊಂಡ.

"ಕೆಸರಿನ ವಾಸನೆ! ಇದನ್ನು ನೀರು ಎನ್ನುತ್ತೀರಾ?" ಎಂದು ಮುಖ ಸಿಂಡರಿಸಿದ.

ಮರುದಿನ ನಡುಹಗಲಿಗೆ ಅವನ ತಾಳ್ಮೆ ಮುಗಿಯಿತು.

"ನಾನು ಹೊರಟೆ. ನೋಡಬೇಕಾದ್ದು ನೋಡಿಯಾಯಿತು. ಬಿಸಿಲು, ಮುಳ್ಳು, ಕೆಸರು ನೀರು. ರಾಜರಿಗೆ ಹೇಳುತ್ತೇನೆ, ಈ ಗುಡ್ಡ ಕೊಟ್ಟು ಕೊಳ ತೆಗೆದುಕೊಳ್ಳಿ ಅಂತ."

ಮರಿಗಳು ತಾಯಂದಿರ ಮುಖ ನೋಡಿದವು.

"ನಮ್ಮನ್ನು ಎಲ್ಲಿಗೆ ಕಳಿಸುತ್ತಾರೆ?" ಎಂದು ಕೇಳಿದಳು ತಾಯಮ್ಮ.

"ಅದು ನನಗೆ ಸೇರಿದ್ದಲ್ಲ."

ತಾಯಮ್ಮ ಗವಿಯ ಬಾಯಿಗೆ ಬಂದು ಬಿಸಿಲು ನೋಡಿದಳು. ಆಮೇಲೆ, "ಏನು ಬೇಕಾದರೂ ಹೇಳಿಕೋ ಅಪ್ಪಾ. ಆದರೆ ಈಗ ಹೋಗಬೇಡ. ಹೊತ್ತು ಇಳಿಯಲಿ. ಈ ಬಿಸಿಲು ಗುರುತಿಲ್ಲದವರನ್ನು ಬಿಡುವುದಿಲ್ಲ," ಎಂದಳು.

"ನಿಮ್ಮ ಹಾಗೆ ಹೊತ್ತು ನೋಡಿ ಹೆಜ್ಜೆ ಇಡುವವನಲ್ಲ ನಾನು!" ಎಂದು ಸಿಂಗಾರಯ್ಯ ಬಾಲ ಎತ್ತಿ ನಡೆದೇಬಿಟ್ಟ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾಲಿಗೆ ಒಣಗಿ ಅಂಗುಳಿಗೆ ಅಂಟಿತು. ತಲೆ ಗಿರ್ರೆಂದಿತು. ಅಷ್ಟರಲ್ಲಿ ಎದುರಿಗೆ ನೀರು ಕಂಡಿತು! ಫಳಫಳ ಹೊಳೆಯುವ ಕೆರೆಯಂಥ ನೀರು! 'ಇಷ್ಟು ನೀರಿಟ್ಟುಕೊಂಡು ಮರಳು ತೋಡುತ್ತಾರಲ್ಲ, ದಡ್ಡರು!' ಎಂದು ಓಡಿದ. ಅವನು ಹತ್ತಿರ ಹೋದಷ್ಟೂ ನೀರು ದೂರ ಹೋಯಿತು. ಅದು ಬಿಸಿಲ್ಗುದುರೆ, ಮಕ್ಕಳೇ! ಕಾದ ನೆಲದ ಮೇಲೆ ನೀರಿದ್ದಂತೆ ತೋರುವ ಬರೀ ಮಿಣುಕು. ಗುಡ್ಡದ ಚಿಕ್ಕ ಮರಿಗೂ ಅದು ಗೊತ್ತಿತ್ತು. ಸಿಂಗಾರಯ್ಯನಿಗೆ ಗೊತ್ತಿರಲಿಲ್ಲ. ಅದರ ಬೆನ್ನು ಹತ್ತಿ ಓಡುತ್ತಾ ಓಡುತ್ತಾ ಮರಳಿನ ಹಳ್ಳ ದಾಟಿದ್ದೂ ಅವನಿಗೆ ತಿಳಿಯಲಿಲ್ಲ.

ಹಳ್ಳದ ಆಚೆ ದಡ ಹುಲಿರಾಜನದು. ಪೊದೆಯ ನೆರಳಿನಿಂದ ಐದು ಕಾಡುನಾಯಿಗಳು ಎದ್ದು ಬಂದು ಅವನನ್ನು ಸುತ್ತುವರಿದವು. ಅವು ಹುಲಿರಾಜನ ಕಾವಲಿನವು. ತಮ್ಮ ಕಾಡಿನ ಮಾತಿನಲ್ಲಿ ಏನೋ ಗದರಿದವು. ಅವುಗಳ ಮಾತು ಸಿಂಗಾರಯ್ಯನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ.

"ನಾನು ರಾಜದೂತ!" ಎಂದ. ಅವನ ಮಾತು ಅವುಗಳಿಗೂ ಅರ್ಥವಾಗಲಿಲ್ಲ. ಗೂಢಚಾರನೇ ಇರಬೇಕೆಂದು ಹಲ್ಲು ತೋರಿಸಿದವು. ಸಿಂಗಾರಯ್ಯ ಅಲ್ಲೇ ಕುಸಿದು ಬಿದ್ದ.

ಇದನ್ನೆಲ್ಲ ಜಾಲಿಯ ಬುಡದಲ್ಲಿ ಕುಳಿತಿದ್ದ ಗೌಜುಗ ಹಕ್ಕಿ ನೋಡಿತು. ಒಂದೇ ಉಸಿರಿಗೆ ಗವಿಗೆ ಹಾರಿ ಬಂದು ಸುದ್ದಿ ಹೇಳಿತು.

"ಹೋಗಲಿ ಬಿಡು," ಎಂದಿತು ಒಂದು ಮುಂಗುಸಿ. "ಅವನು ಮರಳಿ ಹೋಗದಿದ್ದರೆ ನಮ್ಮ ಗುಡ್ಡ ನಮಗೆ ಉಳಿಯುತ್ತದೆ."

"ಒರತೆಯ ನೀರು ಕುಡಿದವನು ಅವನು," ಎಂದು ತಾಯಮ್ಮ ಎದ್ದಳು. "ನಡಿ ದುರುಗಣ್ಣ."

ಮುಳ್ಳುಹಂದಿ ಎಂದರೆ ರಾತ್ರಿ ತಿರುಗುವ ಜೀವ. ಆ ಉರಿಯಲ್ಲಿ ಹೊರಗೆ ಬರುವುದು ಅದಕ್ಕೆ ಹುಡುಗಾಟವಲ್ಲ. ತಾಯಮ್ಮ ಬಂಡೆಯ ನೆರಳಿನಿಂದ ಬೇವಿನ ನೆರಳಿಗೆ, ಬೇವಿನ ನೆರಳಿನಿಂದ ದಡದ ನೆರಳಿಗೆ ಹೆಜ್ಜೆ ಹಾಕುತ್ತಾ ಹೋದಳು. ನೆರಳಿಲ್ಲದ ಕಡೆ ದುರುಗಣ್ಣ ಮುಂದೆ ಹೋಗಿ, ನೆಲ ಎಲ್ಲಿ ಕಡಿಮೆ ಸುಡುತ್ತದೆ ಎಂದು ಹೊಟ್ಟೆ ಊರಿ ನೋಡಿ ದಾರಿ ತೋರಿಸಿದ.

ಹಳ್ಳದ ಆಚೆ ಹೋಗಿ ತಾಯಮ್ಮ ಕಾಡುನಾಯಿಗಳ ಮಾತಿನಲ್ಲೇ ಕರೆದಳು: "ಏನ್ರಪ್ಪಾ, ಚೆನ್ನಾಗಿದ್ದೀರಾ? ಮಕ್ಕಳು ಮರಿ ಹೇಗಿದ್ದಾರೆ?"

ಗುಂಪಿನ ಹಿರಿಯ ನಾಯಿಯ ಕಿವಿ ಕೆಳಗಿಳಿಯಿತು. "ಓ, ತಾಯಮ್ಮಕ್ಕಾ! ಈ ಬಿಸಿಲಿನಲ್ಲಿ ನೀನೇಕೆ ಬಂದೆ? ನೋಡು, ಗೂಢಚಾರ ಸಿಕ್ಕಿದ್ದಾನೆ."

"ಗೂಢಚಾರನಲ್ಲ ತಮ್ಮಾ. ನಮ್ಮ ಮನೆಗೆ ಬಂದ ನೆಂಟ. ಬಿಸಿಲ್ಗುದುರೆ ನೋಡಿ ದಾರಿ ತಪ್ಪಿದ್ದಾನೆ."

ಹಿರಿಯ ನಾಯಿ ನಕ್ಕಿತು. "ಹೋದ ಬೇಸಿಗೆಯಲ್ಲಿ ನಮ್ಮ ಕಡೆ ನೀರು ಬತ್ತಿದಾಗ ನಿನ್ನ ಒರತೆ ನಮ್ಮ ಮಕ್ಕಳ ಜೀವ ಉಳಿಸಿತು. ನೀನು ನೆಂಟ ಎಂದರೆ ನೆಂಟ. ಕರೆದುಕೊಂಡು ಹೋಗು." ಅಷ್ಟೇ ಅಲ್ಲ, ಎರಡು ನಾಯಿಗಳು ಸಿಂಗಾರಯ್ಯನನ್ನು ಹಳ್ಳದ ನಡುವಿನವರೆಗೆ ಎಳೆದು ತಂದು ಕೊಟ್ಟವು.

ಅವನಿಗೆ ಎಚ್ಚರವಾದಾಗ ಸಂಜೆ. ಮೈತುಂಬ ಒರತೆಯ ತಂಪು ಮಣ್ಣು ಮೆತ್ತಿತ್ತು. ಉದ್ದನೆಯ ಬಾಲವೂ ಕೆಸರುಮಯ. ಪಕ್ಕದಲ್ಲಿ ಒಂದು ಮೊಲದ ಮರಿ ಸೀತಾಫಲದ ಎಲೆಯಿಂದ ಗಾಳಿ ಹಾಕುತ್ತಿತ್ತು. ಗವಿಯ ಮೂಲೆಯಲ್ಲಿ ತಾಯಮ್ಮ ಬಿಸಿಲಿನ ಬಳಲಿಕೆಯಿಂದ ಕಣ್ಣು ಮುಚ್ಚಿ ಮಲಗಿದ್ದಳು.

ಸಿಂಗಾರಯ್ಯ ಎದ್ದು ಕುಳಿತ. "ನಾನು ನಿಮ್ಮ ಮನೆ ಕಳೆಯಲು ಹೊರಟವನು. ನನ್ನನ್ನು ಏಕೆ ಉಳಿಸಿದಿರಿ?" ಎಂದು ದುರುಗಣ್ಣನನ್ನು ಕೇಳಿದ.

"ಈ ಬಿಸಿಲಿನಲ್ಲಿ ಒಬ್ಬರನ್ನೊಬ್ಬರು ಬಿಟ್ಟರೆ ಯಾರೂ ಉಳಿಯುವುದಿಲ್ಲ ಸ್ವಾಮಿ," ಎಂದ ದುರುಗಣ್ಣ. "ಅದಕ್ಕೇ ದೂರದಿಂದ ಬಂದವರಿಗೆ ಮೊದಲು ನೀರು. ಆಮೇಲೆ ನಾವು. ಅಜ್ಜನ ಕಾಲದಿಂದ ಹೀಗೆಯೇ."

ಒರತೆಯಲ್ಲಿ ಯಾರೂ ತನ್ನನ್ನು ಏಕೆ ತಡೆಯಲಿಲ್ಲ ಎಂಬುದು ಸಿಂಗಾರಯ್ಯನಿಗೆ ಆಗ ಅರ್ಥವಾಯಿತು. ನಾಚಿಕೆಯಿಂದ ತಲೆ ತಗ್ಗಿಸಿದ.

ಉಳಿದ ಆರು ದಿನ ಅವನು ಗುಡ್ಡದವರ ಹಿಂದೆಯೇ ತಿರುಗಿದ. ನಸುಕಿಗೇ ಏಳಲು ಕಲಿತ. ಬಂಡೆಯ ಮೇಲೆ ಒಣಗಿಸಿದ ಬಾರೆಹಣ್ಣು ವರ್ಷವಾದರೂ ಕೆಡುವುದಿಲ್ಲ ಎಂದು ತಿಳಿದ. ಅವನ ತಂಪುಕಾಡಿನಲ್ಲಾದರೆ ಮೂರನೆಯ ದಿನಕ್ಕೇ ಬೂಷ್ಟು ಹಿಡಿಯುತ್ತಿತ್ತು. ಹಣ್ಣು ಬಾಯಿಗೆ ಹಾಕಿಕೊಂಡ. ಅಂಥ ಸಿಹಿಯನ್ನು ಅವನು ಜನ್ಮದಲ್ಲಿ ತಿಂದಿರಲಿಲ್ಲ. "ಬಿಸಿಲು ಕುಡಿದ ಹಣ್ಣು ಅದು," ಎಂದಿತು ಗೌಜುಗ ಹಕ್ಕಿ. ತಂಪುಕಾಡಿನ ಜಿಗಣೆ ಇಲ್ಲಿಲ್ಲ, ಥಂಡಿಯ ಮೈಕೈ ನೋವೂ ಇಲ್ಲ. ಮೊಲದ ಮರಿಗಳು ಆಚೆ ಕಾಡಿನ ಮಾತು, ಈಚೆ ಕಾಡಿನ ಮಾತು ಎರಡನ್ನೂ ಬೆರೆಸಿ ಜಗಳವಾಡುತ್ತಿದ್ದವು, ಎರಡರಲ್ಲೂ ಹಾಡುತ್ತಿದ್ದವು. ಆಸ್ಥಾನದ ಪಂಡಿತರಿಗೂ ಎರಡು ಮಾತು ಬರುತ್ತಿರಲಿಲ್ಲ!

ಒಂಬತ್ತನೆಯ ದಿನ ನಸುಕಿನಲ್ಲಿ ಸಿಂಗಾರಯ್ಯ ಹೊರಟು ನಿಂತ.

"ತಾಯಮ್ಮಾ, ಚಿಂತೆ ಬೇಡ. ಕೆಂಡಗುಡ್ಡ ಸ್ವರ್ಗ ಎಂದು ರಾಜರಿಗೆ ಹೇಳುತ್ತೇನೆ!"

ತಾಯಮ್ಮ ಮುಳ್ಳು ಕೆದರಿದಳು. "ಸುಳ್ಳು ಹೇಳಬೇಡ. ಮೊದಲು ನೋಡದೆ ತೆಗಳಿದೆ. ಈಗ ನೋಡಿಯೂ ಬರೀ ಹೊಗಳುತ್ತೀಯಾ? ಹೋದ ಬೇಸಿಗೆಯಲ್ಲಿ ನನ್ನ ಮಗಳ ಮೂರು ಮರಿಗಳಲ್ಲಿ ಒಂದು ಬಿಸಿಲಿಗೆ ಸತ್ತುಹೋಯಿತು. ಅದನ್ನೂ ಹೇಳು. ನಾವು ಗಡಿಯಲ್ಲಿದ್ದೇವೆ ಎಂದು ನಿಮ್ಮವರಿಗೂ ಅನುಮಾನ, ಆಚೆಯವರಿಗೂ ಅನುಮಾನ. ಕಷ್ಟ ಬಂದರೆ ಯಾರೂ ಇತ್ತ ತಿರುಗಿ ನೋಡುವುದಿಲ್ಲ. ಅದನ್ನೂ ಹೇಳು."

ಸಿಂಗಾರಯ್ಯ ಬಗ್ಗಿ ಅವಳ ಕಾಲು ಮುಟ್ಟಿದ. "ಎರಡನ್ನೂ ಹೇಳುತ್ತೇನೆ," ಎಂದ.

ಆಸ್ಥಾನದಲ್ಲಿ ಸಿಂಹರಾಜ ಅವನ ಕೆಸರು ಮೈ ನೋಡಿ ಬೆರಗಾದ. ಸಿಂಗಾರಯ್ಯ ಒಂದನ್ನೂ ಮುಚ್ಚಿಡಲಿಲ್ಲ. ಬಿಸಿಲು, ಬಾಯಾರಿಕೆ, ಸತ್ತ ಮರಿ, ಎರಡೂ ಕಡೆಯ ಅನುಮಾನ. ಆಮೇಲೆ ಒರತೆಯ ಸಾಲು, ಬಾರೆಹಣ್ಣು, ಎರಡು ಮಾತಿನ ಹಾಡು, ನಡುಹಗಲಿನಲ್ಲಿ ತನಗಾಗಿ ಹಳ್ಳ ದಾಟಿದ ಮುದುಕಿ. ಎಲ್ಲ ಹೇಳಿದ.

"ಸರಿ, ಕೊಡಲೋ ಬೇಡವೋ? ಒಂದು ಮಾತಿನಲ್ಲಿ ಹೇಳು," ಎಂದ ಸಿಂಹರಾಜ.

"ಪ್ರಭು, ಆ ಒಂದು ಮಾತು ಹೇಳಲು ನಾನು ಯಾರು? ತಾವೇ ಬಂದು ಅವರನ್ನು ಕೇಳಿ."

ಸಿಂಹರಾಜ ಸಿಂಗಾರಯ್ಯನ ಜೊತೆ ಹೊರಟ. ದಾರಿ ತೋರಿಸುವವನಿಗೆ ಹೊತ್ತಿನ ಲೆಕ್ಕ ಗೊತ್ತಿದ್ದುದರಿಂದ ಇಬ್ಬರೂ ಸೂರ್ಯ ಏಳುವ ಮೊದಲೇ ಗುಡ್ಡ ಸೇರಿದರು. ರಾಜ ಒರತೆಯ ನೀರು ಕುಡಿದ, ಹಗಲೆಲ್ಲ ಗವಿಯಲ್ಲಿ ಮೊಲ ಮುಂಗುಸಿಗಳ ನಡುವೆ ನಾಲಿಗೆ ಚಾಚಿ ಮಲಗಿದ. ಸಂಜೆ ಎಲ್ಲರೂ ಬಂಡೆಯ ಮೇಲೆ ಕೂಡಿದರು.

"ತಾಯಮ್ಮಾ," ಎಂದ ಸಿಂಹರಾಜ, "ಇಲ್ಲಿಯ ಕಷ್ಟ ಇವತ್ತು ನನ್ನ ಮೈಗೇ ಗೊತ್ತಾಯಿತು. ನಿಮಗೆ ತಂಪುಕಾಡಿನಲ್ಲಿ ಜಾಗ ಕೊಡುತ್ತೇನೆ. ಹಸಿರಿದೆ, ಹೊಳೆಯಿದೆ. ಬರುತ್ತೀರಾ?"

ತಾಯಮ್ಮ ಹಳ್ಳದ ಕಡೆ ನೋಡಿದಳು. ಆಮೇಲೆ ಹೇಳಿದಳು: "ದೊಡ್ಡ ಮಾತು ರಾಜಾ. ಆದರೆ ನಾವು ಬಂದುಬಿಟ್ಟರೆ, ನಡುಹಗಲಿನಲ್ಲಿ ದಾರಿ ತಪ್ಪಿ ಬಂದವರಿಗೆ ಇಲ್ಲಿ ನೀರು ಕೊಡುವವರು ಯಾರು?"

ಸಿಂಹರಾಜ ಎದ್ದು ನಿಂತ. ಮಳೆ ಬರುವ ಮೊದಲೇ ಗುಡ್ಡದ ಬುಡದಲ್ಲಿ ಹೊಂಡ ತೋಡಲು ನಾಲ್ಕು ಆನೆಗಳನ್ನು ಕಳಿಸುವುದಾಗಿ ಮಾತು ಕೊಟ್ಟ. ಆಮೇಲೆ ಗೌಜುಗ ಹಕ್ಕಿಯನ್ನು ಕರೆದು ಹುಲಿರಾಜನಿಗೆ ಉತ್ತರ ಕಳಿಸಿದ:

"ನಿನ್ನ ಕೊಳ ಚೆನ್ನಾಗಿದೆಯಂತೆ, ಸಂತೋಷ. ಕೆಂಡಗುಡ್ಡ ಮಾತ್ರ ನಾನು ಕೊಡಲಾರೆ. ಅದು ಅಲ್ಲಿರುವವರದು."

ನೀತಿ: ಒಂದು ನಾಡಿನ ಕಷ್ಟ ಅಲ್ಲಿಗೆ ಕಾಲಿಟ್ಟ ದಿನವೇ ಕಣ್ಣಿಗೆ ಬೀಳುತ್ತದೆ, ಅದರ ಗುಣ ತಿಳಿಯಬೇಕಾದರೆ ಅಲ್ಲಿಯವರೊಡನೆ ಬಾಳಿ ನೋಡಬೇಕು.